ದೊರೆಯ ರೊಟ್ಟಿ

ಬಿಳಿ ಸೇನಾಧಿಕಾರಿಯೊಬ್ಬ ಹೊಳೆಯಾಚೆಯ ಕೋಟೆಗೆ ದೊರೆಯಾಗಿ ಬಂದ. ಬಿತ್ತನೆಯ ಹೊತ್ತಿಗೆ ಬಂದವನು ಸುಗ್ಗಿ ಕಾಣಲಿಲ್ಲ. ಊರೇ ದಂಗೆಯೆದ್ದು ಕೋಟೆ ಹಿಡಿಯಿತು. ಅವನನ್ನು ಅವನದೇ ಸೆರೆಮನೆಗೆ ದಬ್ಬಿತು.

ಸೆರೆಮನೆಯ ಕೀಲಿಕೈ ಕೊಟ್ರಯ್ಯನ ಸೊಂಟದಲ್ಲಿತ್ತು. ಅವನು ಮಠದ ಶಿಷ್ಯ, ದಂಗೆಯ ಮುಂದಾಳು. ಗುರುಗಳಾದ ಮುಪ್ಪಿನಯ್ಯನವರ ಅಪ್ಪಣೆ ಕೇಳಲು ಹೊಳೆ ದಾಟಿ ಮಠಕ್ಕೆ ಬಂದ.

"ಅಜ್ಜಾರ, ನಾಳೆ ದೊರೀನ್ನ ಗಲ್ಲಿಗೆ ಹಾಕ್ತೀವಿ. ಅಪ್ಪಣೆ ಕೊಡ್ರಿ."

"ಉಂಡಾನೇನು ಅವ?"

"ಸಾಯಾಂವಗ ಊಟ ಯಾಕ್ರಿ?"

"ಸಾಯೋದು ನಾಳೆ. ಹಸಿವು ಇವತ್ತಿಂದು."

ಗುರುಗಳು ಗೂಟದಲ್ಲಿದ್ದ ಜೋಳಿಗೆ ತೆಗೆದು ಅವನ ಕೈಗಿತ್ತರು. "ಭಿಕ್ಷಾ ಬೇಡ್ಕೊಂಡು ಬಾ."

ಆ ಮಠದ ಭಿಕ್ಷೆಗೆ ಒಂದು ಕಟ್ಟಳೆಯಿತ್ತು. ಯಾರ ಹೊಟ್ಟೆಗೆಂದು ಬೇಡುವವನು ಹೇಳಬಾರದು, ನೀಡುವವರು ಕೇಳಬಾರದು.

ಕೊಟ್ರಯ್ಯ ಬೇಕೆಂದೇ ಬಾಳವ್ವನ ಬಾಗಿಲಿಗೆ ಹೋದ. ಅವಳ ಒಬ್ಬನೇ ಮಗನನ್ನು ದೊರೆಯ ಸಿಪಾಯಿಗಳು ಕೋಟೆ ಬಾಗಿಲಲ್ಲಿ ಗುಂಡಿಟ್ಟು ಕೊಂದಿದ್ದರು. ಅವಳ ಬಾಯಿಂದ ಒಂದು ಶಾಪ ಬಂದರೆ ಸಾಕು, ಅದೇ ತನಗೆ ಅಪ್ಪಣೆ ಎಂದುಕೊಂಡ.

"ಯವ್ವಾ, ಭಿಕ್ಷಾ. ಸೆರೆಮನ್ಯಾಗಿನ ದೊರಿಗೆ."

ರೊಟ್ಟಿ ಬಡಿಯುತ್ತಿದ್ದ ಬಾಳವ್ವನ ಕೈ ನಿಂತಿತು.

"ಹಂಗ ಹೇಳು ಅಂತ ಅಜ್ಜಾರು ಹೇಳ್ಯಾರೇನು?"

"ಇಲ್ಲ."

"ಮತ್ತ ಯಾಕ ಹೇಳಿದಿ? ಹೇಳದಿದ್ರ ಸುಮ್ಮನ ಹಾಕ್ತಿದ್ದೆ. ಈಗ ಅವನ ಮಾರಿ ನೆನೆಸ್ಕೊಂಡು ಹಾಕಬೇಕಾತು."

ಹೆಂಚಿನ ಮೇಲಿನ ರೊಟ್ಟಿಯ ಒಂದು ಮಗ್ಗುಲು ಸೀದುಹೋಯಿತು. ಅದನ್ನು ತನಗೆಂದು ತೆಗೆದಿಟ್ಟು ಬಾಳವ್ವ ಮತ್ತೊಂದು ಬಡಿದಳು. ಬೇಯಿಸಿ ಜೋಳಿಗೆಗೆ ಹಾಕಿದಳು. ಒಂದು ಕುಡಿಕೆ ಮೊಸರನ್ನೂ ಕೊಟ್ಟಳು.

"ಚಟ್ನಿ ಹಾಕಿಲ್ಲ. ಬಿಳಿ ಮಂದಿಗೆ ಖಾರ ಆಗಂಗಿಲ್ಲಂತ," ಎಂದು ಒಳಗೆ ಹೋಗಿ ಕದ ಹಾಕಿಕೊಂಡಳು.

ಕೊಟ್ರಯ್ಯ ಮಠಕ್ಕೆ ಮರಳಿ ನಡೆದದ್ದೆಲ್ಲ ಹೇಳಿದ. ತಾನು ಕಟ್ಟಳೆ ಮುರಿದದ್ದನ್ನೂ ಹೇಳಿದ. ಗುರುಗಳು ಗದರಲಿಲ್ಲ.

"ಆಕಿ ಅವನನ್ನ ಕ್ಷಮಿಸಿದಳೇನ್ರಿ ಅಜ್ಜಾರ?"

"ನನಗೇನು ಗೊತ್ತು? ರೊಟ್ಟಿ ಕೊಟ್ಟಾಳ, ಅಷ್ಟು ಕಾಣಸ್ತದ."

"ಹಂಗಾದ್ರ ನಾಳೆ ನಾ ಏನು ಮಾಡ್ಲಿ?"

ಗುರುಗಳು ಜೋಳಿಗೆಯನ್ನು ಅವನ ಹೆಗಲಿಗೆ ಹಾಕಿದರು.

"ಮೊದಲು ಇದನ್ನ ಅವನಿಗೆ ಬಡಿಸು. ಉಂಡು ಮುಗಿಸೋತನಕ ಎದುರಿಗೆ ಕೂತಿರು. ಆಮ್ಯಾಲೂ ಅಪ್ಪಣೆ ಬೇಕು ಅನಿಸಿದ್ರ ಬಾ, ಕೊಡ್ತೀನಿ."