ಸವಳು ಹೊಲದ ಪಾಠ

"ಸರ್, ತರಗತಿಯಲ್ಲಿ ಮಗುವೊಂದು ಪ್ರಶ್ನೆ ಕೇಳಿ, ಉತ್ತರ ನನಗೆ ಗೊತ್ತಿಲ್ಲದಿದ್ದರೆ ಏನು ಮಾಡಲಿ?"

ಹೀಗೆ ಕೇಳಿದವನು ತಿಪ್ಪೇಸ್ವಾಮಿ. ಶಾಲೆಗಳಲ್ಲಿ ಬೇಸಾಯವನ್ನೂ ಪರಿಸರವನ್ನೂ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ವಿಭಾಗ ಒಂದು ಕೃಷಿ ವಿಶ್ವವಿದ್ಯಾಲಯದಲ್ಲಿತ್ತು. ಅವನು ಅಲ್ಲಿಯ ವಿದ್ಯಾರ್ಥಿ. ಅಭ್ಯಾಸ ಪಾಠಕ್ಕೆಂದು ಮರುದಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಹೊರಡುವವನಿದ್ದ.

"ಗೊತ್ತಿಲ್ಲ ಅಂದುಬಿಟ್ಟರೆ ಮಕ್ಕಳು ನಾಳೆಯಿಂದ ನನ್ನ ಮಾತು ಕೇಳುತ್ತಾರೆಯೇ?" ಎಂದು ಅವನೇ ಮುಂದುವರಿಸಿದ.

ಗುರುಗಳು ಅವನನ್ನು ಕುಳ್ಳಿರಿಸಿಕೊಂಡು ಈ ಕತೆ ಹೇಳಿದರು.

ನನ್ನ ಬಳಿ ಹುಲಿಗೆಮ್ಮ ಎಂಬ ಹುಡುಗಿ ಓದುತ್ತಿದ್ದಳು. ಅವಳ ತಾಯಿ ಕೂಲಿಗೆ ಹೋಗುತ್ತಿದ್ದವಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ನಾನು ಬರೆಸಿದ ಒಂದು ಸಾಲನ್ನೂ ಅವಳು ಬಿಡುತ್ತಿರಲಿಲ್ಲ. ಯಾವ ಪುಟದಲ್ಲಿ ಏನಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಅವಳನ್ನು ಅಭ್ಯಾಸ ಪಾಠಕ್ಕೆ ಕಾಲುವೆ ನೀರಾವರಿಯ ಒಂದು ಊರಿಗೆ ಕಳಿಸಿದೆವು. ಬತ್ತ ಬೆಳೆಯುವ ಊರು. ಮೊದಲ ವಾರದಲ್ಲೇ, ಒಂಬತ್ತನೆಯ ತರಗತಿಯ ದುರುಗಮ್ಮ ಎದ್ದು ನಿಂತು ಕೇಳಿದಳು.

"ಟೀಚರ್, ನಮ್ಮ ಹೊಲದಾಗ ಬೇಸಿಗಿಗೆ ಬೆಳ್ಳಗ ಉಪ್ಪು ಕಟ್ಟತೈತಿ. ಅಲ್ಲಿ ಹಚ್ಚಿದ ಸಸಿ ಬದುಕಂಗಿಲ್ಲ. ಏನು ಮಾಡಬೇಕ್ರಿ?"

ಹುಲಿಗೆಮ್ಮ ತಡಮಾಡಲಿಲ್ಲ. ಅದು ಸವಳು ಮಣ್ಣು, ಜಿಪ್ಸಂ ಹಾಕಿಸಿ, ಎಂದಳು. ಎಷ್ಟು ಹಾಕಬೇಕೆಂಬುದನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದಳು. ನನ್ನ ನೋಟ್ಸಿನಲ್ಲಿ ಇದ್ದದ್ದೂ ಅದೇ.

ದುರುಗಮ್ಮ ಅದನ್ನು ಬರೆದುಕೊಂಡು ಮನೆಗೆ ಹೋಗಿ ಅಪ್ಪನ ಮುಂದೆ ಓದಿದಳು. ಅಪ್ಪ ಯಂಕೋಬ ಓದಿದವನಲ್ಲ. ಮಗಳ ಪುಸ್ತಕದಲ್ಲಿ ಬರೆದದ್ದು ಅವನಿಗೆ ದೊಡ್ಡ ಮಾತು. ಎರಡು ಎಕರೆಗೂ ಜಿಪ್ಸಂ ಹೊಡೆಸಿದ. ಹಿಂದೆಲ್ಲ ನಾಟಿ ಮಾಡದೆ ಬಿಡುತ್ತಿದ್ದ ಮೂಲೆಗೂ ಆ ಸಲ ಸಸಿ ಹಚ್ಚಿಸಿದ. ಹೆಂಡತಿಯ ತವರಿನವರು ಬಂದು ನಾಟಿಗೆ ಕೈಜೋಡಿಸಿದರು.

ಒಂದು ತಿಂಗಳಲ್ಲಿ ಸಸಿಗಳ ತುದಿ ಸುಟ್ಟುಹೋಯಿತು. ಇನ್ನೊಂದು ತಿಂಗಳಲ್ಲಿ ಅರ್ಧ ಹೊಲ ಬೋಳಾಯಿತು.

ಯಂಕೋಬ ಶಾಲೆಗೆ ಬಂದ. ಜಗಳಕ್ಕೆ ಬಂದವನಲ್ಲ. ತರಗತಿಯ ಬಾಗಿಲಲ್ಲಿ ನಿಂತು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಟೀಚರಮ್ಮಾರೆ, ನೀವು ಹೇಳಿದಂಗ ಮಾಡೀವಿ. ನಾವೇ ಎಲ್ಲೋ ತಪ್ಪು ಮಾಡಿರಬೇಕು. ಏನು ತಪ್ಪಿತು ಅನ್ನೋದು ಹೇಳ್ರಿ," ಎಂದ.

ಮಕ್ಕಳೆಲ್ಲ ಕೇಳಿಸಿಕೊಂಡರು. ದುರುಗಮ್ಮ ತಲೆ ತಗ್ಗಿಸಿದಳು. ಹುಲಿಗೆಮ್ಮನಿಗೆ ಸುಲಭದ ದಾರಿಯೊಂದಿತ್ತು. ನೀರು ಕಟ್ಟಿದ್ದು ಹೆಚ್ಚಾಯಿತು ಎನ್ನಬಹುದಿತ್ತು, ಜಿಪ್ಸಂ ಕಳಪೆಯದು ಎನ್ನಬಹುದಿತ್ತು. ಆತ ನಂಬಿ ಮನೆಗೆ ಹೋಗುತ್ತಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಅವಳೇ ನನಗೆ ಹೇಳಿದಳು.

ಅವಳು ಹೇಳಿದ್ದು ಬೇರೆ. "ಅಣ್ಣಾರೆ, ನಿಮ್ಮ ತಪ್ಪಲ್ಲ. ನಾನು ನಿಮ್ಮ ಹೊಲ ನೋಡದೇ ಹೇಳಿದೆ. ಏನಾಗೈತೋ ನನಗ ಗೊತ್ತಿಲ್ಲ. ಇವತ್ತು ಬಂದು ನೋಡ್ತೀನಿ."

ತರಗತಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಂಕೋಬ ನಗಲಿಲ್ಲ. "ಬರ್ರಿ," ಎಂದಷ್ಟೇ ಅಂದ.

ಸಂಜೆ ಇಡೀ ತರಗತಿ ಅವಳ ಹಿಂದೆ ಹೊಲಕ್ಕೆ ಹೋಯಿತು. ಎಲ್ಲಿ ನೋಡಬೇಕು, ಏನು ನೋಡಬೇಕು ಎಂದು ಅವಳಿಗೆ ತಿಳಿಯದು. ಬೋಳಾದ ಜಾಗದಲ್ಲಿ ಒಂದು ಗುಂಡಿ ತೋಡೋಣ ಎಂದಳು. ಯಂಕೋಬನೇ ಸಲಿಕೆ ಹಿಡಿದ. ಎರಡು ಅಡಿಗೆ ನೀರು ಬಂತು. ಕಾಲುವೆಯ ನೀರು ವರ್ಷಗಟ್ಟಲೆ ಇಳಿದು ಇಳಿದು, ಹೋಗಲು ದಾರಿಯಿಲ್ಲದೆ ಹೊಲದ ಕೆಳಗೇ ನಿಂತಿತ್ತು. ಯಂಕೋಬ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಥೂ ಎಂದು ಉಗುಳಿದ.

ಅವಳು ಆ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು, ಒಂದಿಷ್ಟು ಮಣ್ಣು ಕಟ್ಟಿಕೊಂಡು, ಬಸ್ಸು ಹತ್ತಿ ನನ್ನ ಕೋಣೆಗೆ ಬಂದಳು.

"ಸರ್, ನಿಮ್ಮ ಪಾಠ ಆ ಹೊಲಕ್ಕೆ ಸುಳ್ಳಾಯಿತು," ಎಂದಳು.

ನನಗೆ ಸಿಟ್ಟು ಬಂತು. ಹನ್ನೊಂದು ವರ್ಷದಿಂದ ನಾನು ಅದನ್ನು ಹಾಗೆಯೇ ಬರೆಸುತ್ತಿದ್ದೆ. ಯಾರೂ ಎದುರು ಮಾತಾಡಿರಲಿಲ್ಲ. ನೀನು ಸರಿಯಾಗಿ ನೋಡಿಲ್ಲ ಎಂದು ಗದರಿದೆ. ಅವಳು ಬಾಟಲಿಯ ಮುಚ್ಚಳ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಬೆರಳು ಅದ್ದಿ ರುಚಿ ನೋಡಿದ ಮೇಲೆ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ವರದಿ ಬಂತು. ಅದು ಜಿಪ್ಸಂ ಕೇಳುವ ಮಣ್ಣೇ ಅಲ್ಲ. ಕೆಳಗೆ ನಿಂತ ನೀರು ಹೊರಗೆ ಹೋಗಿ ಉಪ್ಪು ತೊಳೆದುಹೋಗದ ಹೊರತು ಅಲ್ಲಿ ಏನು ಹಾಕಿದರೂ ಫಲವಿರಲಿಲ್ಲ. ಉಪ್ಪಿನ ಮಣ್ಣಿನಲ್ಲಿ ಬಗೆಗಳಿವೆ ಎಂದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆಯಲು ಸುಲಭವಾಗಲಿ ಎಂದು ಎಲ್ಲವನ್ನೂ ಒಂದೇ ಸಾಲಿಗೆ ಇಳಿಸಿದವನು ನಾನು.

ಕೆಳಗೆ ನಿಂತ ನೀರು ಬಸಿದುಹೋಗಲು ಬಸಿಗಾಲುವೆ ತೋಡಬೇಕಿತ್ತು. ಯಂಕೋಬನ ಹೊಲದಿಂದ ಹಳ್ಳಕ್ಕೆ ನೀರು ಹರಿಯಬೇಕಾದರೆ ನಡುವೆ ಮೂವರ ಹೊಲ ದಾಟಬೇಕು. ಮೂವರೂ ಒಪ್ಪಲಿಲ್ಲ. ಅವನ ಹೊಲದ ಉಪ್ಪಿಗೆ ನಮ್ಮ ನೆಲ ಯಾಕೆ ಕೊಡಬೇಕು ಎಂದರು.

ಹುಲಿಗೆಮ್ಮ ಅವರ ಬಳಿ ವಾದಕ್ಕೆ ಹೋಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಆ ಮೂರೂ ಹೊಲಗಳಲ್ಲಿ, ಕೇಳಿಕೊಂಡು, ಒಂದೊಂದು ಗುಂಡಿ ತೋಡಿಸಿದಳು. ವಾರಕ್ಕೊಮ್ಮೆ ಮಕ್ಕಳು ಹೋಗಿ ಕೋಲು ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ಅಳೆದು, ಅದನ್ನು ಶಾಲೆಯ ಗೋಡೆಯ ಮೇಲೆ ಬರೆದರು. ಮೂರು ಹೊಲಗಳಲ್ಲೂ ನೀರು ಮೇಲೇರುತ್ತಿತ್ತು; ಇಂದಲ್ಲ ನಾಳೆ ಉಪ್ಪು ಅಲ್ಲಿಗೂ ಬರುವುದಿತ್ತು. ಅವರಲ್ಲಿ ಹಿರಿಯನಾದ ಒಬ್ಬ ರೈತ ಒಂದು ದಿನ ತಾನೇ ಬಂದು ಗೋಡೆಯ ಮುಂದೆ ನಿಂತು, ತನ್ನ ಹೊಲದ ಲೆಕ್ಕವನ್ನು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಬಸಿಗಾಲುವೆಗೆ ಮೊದಲ ಸಲಿಕೆ ಹಾಕಿದವನು ಅವನೇ; ಮಿಕ್ಕ ಇಬ್ಬರೂ ಹಿಂದೆಯೇ ಬಂದರು.

ಅಷ್ಟರಲ್ಲಿ ಅವಳ ಅಭ್ಯಾಸ ಪಾಠದ ಅವಧಿ ಮುಗಿದಿತ್ತು. ಆದರೂ ರಜೆಯಲ್ಲಿ ಬಸ್ಸು ಹಿಡಿದು ಹೋಗಿ, ಅವರ ಜೊತೆ ಮಣ್ಣು ಹೊತ್ತು ಬಂದಳು. ಯಾರೂ ಹೋಗು ಅಂದಿರಲಿಲ್ಲ. ಅಂಕವೂ ಇರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಮೌಖಿಕ ಪರೀಕ್ಷೆ ಬಂತು. ಮಳೆ ಇನ್ನೂ ಬಿದ್ದಿರಲಿಲ್ಲ. ತೋಡಿದ ಕಾಲುವೆಯಿಂದ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು. ನಾನು ಪಕ್ಕದಲ್ಲಿ ಕೂತಿದ್ದೆ. ಅವರು ಹುಲಿಗೆಮ್ಮನನ್ನು ಕೇಳಿದರು.

"ಹೊಲದಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡಿದೆ. ಏನು ಹಾಕುತ್ತೀ?"

"ಹೊಲ ನೋಡದೆ ಹೇಳಲಾರೆ ಸರ್," ಎಂದಳು. "ಮೊದಲು ಗುಂಡಿ ತೋಡಬೇಕು."

ಅವರಿಗೆ ಅದು ಉದ್ಧಟತನವಾಗಿ ಕಂಡಿತು. ಇಷ್ಟು ವರ್ಷ ಓದಿ ಒಂದು ಉತ್ತರ ಹೇಳಲು ಬರುವುದಿಲ್ಲವೇ ಎಂದರು. ಅವಳು ಮತ್ತೆ ಅದೇ ಮಾತು ಹೇಳಿದಳು. ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇವಳಿಗೆ ನೀವು ಕಲಿಸಿದ್ದಾದರೂ ಏನು?"

ನಾನು ಎದ್ದು ನಿಂತೆ. "ಜಿಪ್ಸಂ ಹಾಕು ಎಂದು ಕಲಿಸಿದ್ದೆ. ಅದು ತಪ್ಪೆಂದು ಇವಳು ನನಗೆ ಕಲಿಸಿದಳು. ಇವಳು ನನ್ನ ವಿದ್ಯಾರ್ಥಿನಿ," ಎಂದೆ. ಆ ಕೊನೆಯ ಮಾತು ಹೇಳುವಾಗ ನನ್ನ ಎದೆ ಉಬ್ಬಿದ ಹಾಗೆ ಅದಕ್ಕೆ ಮೊದಲೂ ಉಬ್ಬಿರಲಿಲ್ಲ, ಆಮೇಲೂ ಉಬ್ಬಿಲ್ಲ.

ಆ ವರ್ಷ ಮಳೆ ಚೆನ್ನಾಯಿತು. ಉಪ್ಪು ತೊಳೆದು ಹಳ್ಳ ಸೇರಿತು. ಯಂಕೋಬನ ಹೊಲ ಎಲ್ಲ ಕಡೆಯೂ ಹಸಿರಾಗಲಿಲ್ಲ. ಒಂದು ಮೂಲೆ ಹಾಗೆಯೇ ಉಳಿಯಿತು, ಈಗಲೂ ಉಳಿದಿದೆ. ಮಿಕ್ಕದ್ದರಲ್ಲಿ ಬತ್ತ ತೆನೆ ಬಾಗಿತು. ಮುಂದಿನ ಬೇಸಿಗೆಯಲ್ಲಿ ಆ ಊರಿನ ಮಕ್ಕಳು ತಾವಾಗಿಯೇ ಇನ್ನೂ ಹದಿನಾಲ್ಕು ಹೊಲಗಳಲ್ಲಿ ಗುಂಡಿ ತೋಡಿದರು. ಹುಲಿಗೆಮ್ಮ ಆಗ ಬೇರೆ ಜಿಲ್ಲೆಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ತಿಪ್ಪೇಸ್ವಾಮಿಗೆ ಒಂದು ಕುತೂಹಲ ಉಳಿದಿತ್ತು. "ಆ ಪರೀಕ್ಷೆಯಲ್ಲಿ ಅವರು ಎಷ್ಟು ಅಂಕಕ್ಕೆ ಪಾಸಾದರು ಸರ್?" ಎಂದು ಕೇಳಿದ.

"ಅವಳ ಅಂಕ ನನಗೆ ನೆನಪಿಲ್ಲ," ಎಂದರು ಗುರುಗಳು. "ಅವತ್ತು ಪಾಸಾದವನು ನಾನು."