ಕುಮುದಿನಿಯ ಕ್ಯಾಮೆರಾ ದೀಪ

"ಕೇಳಿರಪ್ಪೋ ಕೇಳಿ! ಕಲ್ಲುಹೊಳೆಯ ದೊರೆ ಉದಯಕೀರ್ತಿ ಮಹಾರಾಜರ ಆಜ್ಞೆ! ರಾಜಕುಮಾರಿ ಕುಮುದಿನಿದೇವಿಯವರ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ರಾಜಕುಮಾರಿ ಒಪ್ಪಿದರೆ ಮದುವೆ. ತಪ್ಪಿದವರಿಗೆ ಸೋಮವಾರ ಬೆಳಿಗ್ಗೆ, ಡ್ರೈವರ್ ಬರೆದ ಬೊಮ್ಮಣ್ಣನ ಜೊತೆಗೇ ಗಲ್ಲು!"

ಡಂಗುರ ಕೇಳಿದ ಸಂತೆಯವರು, ಬರೆಯುವ ಡ್ರೈವರ್ ಯಾವುದಪ್ಪಾ ಎಂದು ಮುಖ ಮುಖ ನೋಡಿಕೊಂಡರು. ಅವರಿಗೆ ಗೊತ್ತಿಲ್ಲದಿದ್ದರೆ ನಾನು ಹೇಳುತ್ತೇನೆ. ರಾಜಕುಮಾರಿಯ ಲ್ಯಾಪ್‌ಟಾಪಿನ ಮೇಲಂಚಿನಲ್ಲಿ ಕ್ಯಾಮೆರಾದ ಕಣ್ಣು, ಅದರ ಪಕ್ಕ ಸಾಸಿವೆಯಷ್ಟು ದೀಪ. ಕಣ್ಣು ತೆರೆದಾಗ ದೀಪ ಹತ್ತಬೇಕು. ಆದರೆ ದೀಪಕ್ಕೆ ತಾನಾಗಿ ಏನೂ ತಿಳಿಯದು. ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಅದಕ್ಕೆ ದಾಟಿಸುವ ಬರಹವೇ ಡ್ರೈವರ್. ಬೊಮ್ಮಣ್ಣ ಬರೆದಿದ್ದು ಅದನ್ನೇ.

ಒಂದು ದಿನ ಲ್ಯಾಪ್‌ಟಾಪ್ ಜಾಗವೆಲ್ಲ ತುಂಬಿದೆ ಎಂದಿತು. ಯಾಕೆಂದು ಹುಡುಕಿದ ಕುಮುದಿನಿಗೆ ಸಿಕ್ಕಿದ್ದು ನಾಲ್ಕು ತಿಂಗಳ ಅವಳದೇ ಮುಖ. ತಲೆ ಬಾಚುವಾಗ, ಓದುತ್ತಾ ನಿದ್ದೆ ಹೋದಾಗ, ತೀರಿಕೊಂಡ ತಾಯಿಯನ್ನು ನೆನೆದು ಅಳುವಾಗ. ಅಷ್ಟೂ ದಿನ ದೀಪ ಹತ್ತಿರಲೇ ಇಲ್ಲ. ದೊರೆ ಆಗಿಂದಾಗಲೇ ಬೊಮ್ಮಣ್ಣನನ್ನು ಸೆರೆಗೆ ತಳ್ಳಿದ. ಕುಮುದಿನಿಗೆ ಮಾತ್ರ ಅವನ ಹಿಂದೆ ಬೇರಾರೋ ಇದ್ದಾರೆಂಬ ಅನುಮಾನ ಹೋಗಲಿಲ್ಲ, ನಿಜ ಬಲ್ಲವರು ಮುಂದೆ ಬರಲೆಂದು ಒಗಟು ಕೇಳಿಯೇ ತೀರುತ್ತೇನೆಂದು ಹಟ ಹಿಡಿದಳು. ಗಲ್ಲಿನ ಮಾತು ಸೇರಿಸಿದವನು ದೊರೆ.

ಬೊಮ್ಮಣ್ಣನ ತಮ್ಮ ತಿಪ್ಪೇಶ ಸಂತೆಬೀದಿಯಲ್ಲಿ ಕೀಬೋರ್ಡಿನ ಸಂದಿಯಿಂದ ಬಿಸ್ಕತ್ತಿನ ಪುಡಿ ತೆಗೆದು ಹೊಟ್ಟೆ ಹೊರೆಯುವವನು. ಸೆರೆಮನೆಗೆ ಹೋಗಿ ಕೇಳಿದರೆ ಅಣ್ಣ, "ನನ್ ಪಾಡಿಗ್ ನನ್ನ ಬಿಟ್ಬಿಡು, ನೀನಾದ್ರೂ ಬದುಕ್ಕೋ" ಎಂದು ಗೋಡೆ ಕಡೆ ತಿರುಗಿದ. ತಿಪ್ಪೇಶ ಮನೆಗೆ ಬಂದು ಅಣ್ಣನ ಮೂಲ ಬರಹ ತೆರೆದು ಕೂತ. ಬೊಮ್ಮಣ್ಣನಿಗೊಂದು ಅಭ್ಯಾಸವಿತ್ತು. ಯಾವ ಸಾಲು ಯಾಕೆ ಬರೆದೆನೆಂದು ಅದರ ಮಗ್ಗುಲಲ್ಲೇ ಟಿಪ್ಪಣಿ ಇಡುತ್ತಿದ್ದ. ಯಂತ್ರಕ್ಕೆ ಇಳಿಸುವಾಗ ಟಿಪ್ಪಣಿಗಳೆಲ್ಲ ಉದುರಿಹೋಗುತ್ತವೆ. ಬರೆದವನ ಮನೆಯಲ್ಲಷ್ಟೇ ಉಳಿಯುತ್ತವೆ. ಒಂದು ಟಿಪ್ಪಣಿಯನ್ನು ತಿಪ್ಪೇಶ ಮೂರು ಸಲ ಓದಿದ. ಆ ಪುಟವನ್ನು ಮುದ್ರಿಸಿ, ಮಡಿಸಿ ಜೇಬಿಗಿಟ್ಟುಕೊಂಡು ಅರಮನೆಗೆ ಹೊರಟ.

ಸಭೆಯಲ್ಲಿ ಆಗಲೇ ಮೂವರು ಸಾಲಾಗಿ ನಿಂತಿದ್ದರು. ಕುಮುದಿನಿ ಮೂರು ಒಗಟನ್ನೂ ಒಟ್ಟಿಗೇ ಕೇಳಿದಳು. "ಒಂದು ಕೊಟ್ಟರೆ ಆರುತ್ತದೆ, ಸೊನ್ನೆ ಕೊಟ್ಟರೆ ಉರಿಯುತ್ತದೆ, ಯಾವುದದು? ಮಲಗಿ ಎದ್ದಾಗಲೆಲ್ಲ ತಾನು ಏನು ಮಾಡುತ್ತಿದ್ದೆನೆಂಬುದೇ ಅದಕ್ಕೆ ಮರೆತಿರುತ್ತದೆ, ನೆನಪಿಸುವವರು ಯಾರು? ಅದು ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ, ಆದರೂ ನಾಲ್ಕು ತಿಂಗಳು ಕತ್ತಲಾಗಿತ್ತು. ಯಾರ ಮಾತು ಕೇಳಿ?"

ನೆರೆರಾಜ್ಯದ ಯುವರಾಜ ಮೀಸೆ ತಿರುವಿ, "ಹೊಟ್ಟೆ! ಒಂದು ತುತ್ತು ಕೊಟ್ಟರೆ ಆರುತ್ತದೆ, ಏನೂ ಕೊಡದಿದ್ದರೆ ಉರಿಯುತ್ತದೆ" ಎಂದ. ಉತ್ತರ ಚೆನ್ನಾಗಿಯೇ ಇತ್ತು, ಪಾಪ. ಆದರೆ ಉಳಿದೆರಡಕ್ಕೆ ಹೊಂದಲಿಲ್ಲ. ಭಟರು ಎಳೆದೊಯ್ದರು. ದಳವಾಯಿಯ ಮಗ, "ಕುಡುಕ! ಅವನ ಹೆಂಡತಿ ನೆನಪಿಸುತ್ತಾಳೆ" ಎಂದು ತಾನೇ ನಕ್ಕ. ಅವನೂ ಹೋದ. ಮೂರನೆಯವನು ಆಸ್ಥಾನ ಪಂಡಿತ. ದೊರೆಯ ಮುಖ ನೋಡಿಕೊಂಡು, "ಕ್ಯಾಮೆರಾ ದೀಪ, ಕೆಡಿಸಿದವನು ಬೊಮ್ಮಣ್ಣ" ಎಂದ. ದೊರೆ ತಲೆದೂಗಿದ.

"ಬೊಮ್ಮಣ್ಣ ಬರೆದವನಷ್ಟೇ" ಎಂದಳು ಕುಮುದಿನಿ. "ನಾನು ಅಳುವುದನ್ನು ನೋಡಿ ಅವನಿಗೇನಾಗಬೇಕಿತ್ತು, ಪಂಡಿತರೇ?" ಪಂಡಿತ ಮತ್ತೆ ದೊರೆಯ ಮುಖ ನೋಡಿದ. ಅವನನ್ನೂ ಕರೆದೊಯ್ದರು.

ತಿಪ್ಪೇಶ ಮುಂದೆ ಬಂದು ಕೈಮುಗಿದ.

"ಅಮ್ಮಣ್ಣಿ, ಅದು ದೀಪಾನೇ. ಕೆಲವು ಯಂತ್ರದಲ್ಲಿ ದೀಪದ ತಂತಿ ತಿರುಗಾಮುರುಗಾ ಇರ್ತದೆ. ಡ್ರೈವರ್ ಒಂದು ಅಂತ ಬರೆದ್ರೆ ಆರ್ತದೆ, ಸೊನ್ನೆ ಅಂತ ಬರೆದ್ರೆ ಉರೀತದೆ. ಮೊದಲ್ನೇದು ಅದು. ಲ್ಯಾಪ್‌ಟಾಪ್ ಮಲಗ್ದಾಗ ದೀಪಕ್ಕೆ ಎಲ್ಲಾ ಮರ್ತೋಯ್ತದೆ. ಎದ್ದ ಮೇಲೆ ಮತ್ತೆ ಹೇಳ್ಕೊಡಬೇಕಾದ್ದು ಡ್ರೈವರ್. ಎರಡನೇದು ಅದು."

"ಮೂರನೆಯದು?"

ತಿಪ್ಪೇಶ ದೊರೆಯ ಕಡೆ ನೋಡಿದ, ಭಟರ ಕತ್ತಿಗಳ ಕಡೆ ನೋಡಿದ. ಸುಮ್ಮನಿದ್ದರೆ ಅಣ್ಣ ಸಾಯುತ್ತಾನೆ, ಹೇಳಿದರೆ ಇಬ್ಬರೂ ಸಾಯಬಹುದು. ಅವನು ಜೇಬಿನ ಹಾಳೆ ತೆಗೆದು ಕುಮುದಿನಿಯ ಕೈಗಿಟ್ಟ.

ಅವಳು ಗಟ್ಟಿಯಾಗಿ ಓದಿದಳು. "ದೊರೆಗಳ ಕೋಣೆಯಿಂದ ಕ್ಯಾಮೆರಾದ ಕಣ್ಣು ತೆರೆದರೆ ದೀಪ ಹಚ್ಚಕೂಡದು. ದೊರೆಗಳದೇ ಅಪ್ಪಣೆ. ತಪ್ಪು ಎಂದೆ, ಕೇಳಲಿಲ್ಲ. ಬಾಯಿಬಿಟ್ಟರೆ ತಮ್ಮನನ್ನು ಉಳಿಸುವುದಿಲ್ಲ ಎಂದರು."

ಭಟನೊಬ್ಬ ತಿಪ್ಪೇಶನ ಕಡೆ ಹೆಜ್ಜೆ ಇಟ್ಟ. ಅವಳು ಅಡ್ಡ ನಿಂತಳು.

"ತಾಯಿಯಿಲ್ಲದ ಮಗಳು ನೀನು" ಎಂದ ದೊರೆ, ತಲೆ ಎತ್ತದೆ. "ನನ್ನ ಹತ್ತಿರ ಏನನ್ನೂ ಹೇಳುತ್ತಿರಲಿಲ್ಲ. ಹೇಗಿದ್ದೀಯೋ ಎಂಬ ಚಿಂತೆ ನನಗೆ."

"ಬಾಗಿಲು ತಟ್ಟಬಹುದಿತ್ತಲ್ಲಾ, ಅಪ್ಪಾಜಿ."

ದೊರೆ ಕೈಸನ್ನೆಯಿಂದ ಭಟರನ್ನು ಹಿಂದೆ ಸರಿಸಿದ.

ಮಾತಿನಂತೆ ದೊರೆ ಅರ್ಧ ರಾಜ್ಯ ಕೊಡುತ್ತೇನೆಂದರೆ ತಿಪ್ಪೇಶ ಬೇಡವೆಂದ. ಅಣ್ಣನನ್ನು ಬಿಡಿ, ಉಳಿದ ಮೂವರನ್ನೂ ಬಿಡಿ ಎಂದ. ಹಾಗಾದರೆ ಹೊಸ ಡ್ರೈವರ್ ಬರೆದುಕೊಡು, ಅರಮನೆಯಲ್ಲೇ ಇರು ಎಂದಳು ಕುಮುದಿನಿ.

"ಡ್ರೈವರ್ರೇ ಬೇಡ ಅಮ್ಮಣ್ಣಿ. ಕಣ್ಣಿಗೆ ಹೋಗೋ ಕರೆಂಟ್ನಾಗೇ ದೀಪಾನೂ ಹತ್ತೋ ಹಂಗೆ ತಂತಿ ಬೆಸೀತೀನಿ. ಆಮೇಲೆ ದೊರೆಗಳು ಹೇಳಿದ್ರೂ ಕೇಳಲ್ಲ, ನಾನ್ ಹೇಳಿದ್ರೂ ಕೇಳಲ್ಲ."

ಹಾಗೇ ಬೆಸೆದುಕೊಟ್ಟು, ಬೊಮ್ಮಣ್ಣನ ಕೈ ಹಿಡಿದುಕೊಂಡು ಮನೆಗೆ ಹೋದ. ಅಣ್ಣ ದಾರಿಯುದ್ದಕ್ಕೂ ಬೈಯುತ್ತಿದ್ದ, ಕೈ ಮಾತ್ರ ಬಿಡಲಿಲ್ಲ.

ಆಮೇಲೆ ಎಲ್ಲರೂ ಸುಖವಾಗಿದ್ದರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ದೊರೆ ದಿನವೂ ಸಂಜೆ ಮಗಳ ಬಾಗಿಲು ತಟ್ಟಿ ಹೊರಗೆ ಕಾಯುತ್ತಿದ್ದ. ಅವಳು ಒಮ್ಮೊಮ್ಮೆ ತೆರೆಯುತ್ತಿದ್ದಳು.