ಚೆಂಡಿಗೆ ಸೀಮಂತ ಮಾಡಿದ್ದು

ಒಂದಾನೊಂದು ಊರಿನಲ್ಲಿ ಒಂದು ಫೌಲ್, ಅಂದರೆ ಆಟದ ತಪ್ಪು, ಹುಟ್ಟಿತು, ಅದು ಎಮ್ಮೆಯಷ್ಟು ದೊಡ್ಡದಾಗಿತ್ತು ಎಂದು ನನ್ನ ಸೋದರತ್ತೆ ಹೇಳುತ್ತಿದ್ದರು. ಎಮ್ಮೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡದಾಗಿದ್ದರೆ ಅದನ್ನು ಮಡಿಲಿಗೆ ಹಾಕಲು ಬರುತ್ತಿರಲಿಲ್ಲ, ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹೆಚ್ಚೆಂದರೆ ತೆಂಗಿನಕಾಯಿಯಷ್ಟು ಇದ್ದಿರಬೇಕು. ಉಳಿದದ್ದನ್ನು ಕೇಳಿದಂತೆಯೇ ಹೇಳುತ್ತೇನೆ.

ಆ ಊರಿನ ರಾಜನಿಗೆ ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ರಾಜ್ಯಭಾರವಿರಲಿಲ್ಲ. ಆಟಕ್ಕೆ ಕ್ವಾರ್ಟರ್ ಎಂಬ ನಾಲ್ಕು ಭಾಗಗಳಿರುವುದರಿಂದ ಅವನು ಊಟವನ್ನೂ ನಾಲ್ಕು ಕ್ವಾರ್ಟರ್‌ಗಳಲ್ಲಿ ಮಾಡುತ್ತಿದ್ದ. ನಡುನಡುವೆ ಎರಡು ನಿಮಿಷ ತುತ್ತು ಹಿಡಿದು ಸುಮ್ಮನೆ ಕೂರುತ್ತಿದ್ದ.

ಒಂದು ದಿನ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಆಟ ನಡೆಯಿತು. ಮೂರನೆಯ ಕ್ವಾರ್ಟರ್ ಮುಗಿದಿತ್ತು, ನಾಲ್ಕನೆಯದು ಶುರುವಾಗಿರಲಿಲ್ಲ. ಆ ವಿರಾಮದಲ್ಲಿ ಕೆಳಗಿನ ಬೀದಿಯ ನಾಯಕಿ ಹೂವಕ್ಕ ರೆಫರಿ ಬಸಲಿಂಗಪ್ಪನ ಬಳಿಗೆ ಹೋದಳು.

"ಮಾವ, ನಿಮ್ಮ ಸೀಟಿಯಲ್ಲಿ ಒಂದು ಕಾಳಾದರೂ ಇದೆ. ತಲೆಯಲ್ಲಿ ಅದೂ ಇಲ್ಲ."

"ಟೆಕ್ನಿಕಲ್ ಫೌಲ್," ಎಂದ ಬಸಲಿಂಗಪ್ಪ. ಮೈಗೆ ಮೈ ತಾಗದೆ, ಹೀಗೆ ಬರಿಯ ನಾಲಿಗೆಯಿಂದಲೂ ಆಗುವ ತಪ್ಪಿಗೆ ಆ ಹೆಸರು.

ಫೌಲ್ ಅವಳ ಬಾಯಿಂದ ನೆಲಕ್ಕೆ ಬಿದ್ದು ಸುತ್ತಲೂ ನೋಡಿತು. "ನಾನು ಯಾವ ಕ್ವಾರ್ಟರಿಗೆ ಸೇರಿದ್ದು?"

"ನಾನು ಮುಗಿದಿದ್ದೇನೆ. ಬಾಗಿಲು ಹಾಕಿಯಾಗಿದೆ," ಎಂದಿತು ಮೂರನೆಯದು.

"ನಾನಿನ್ನೂ ಹುಟ್ಟಿಲ್ಲ. ಹುಟ್ಟದವರ ಮನೆಗೆ ನೆಂಟರು ಬರಬಾರದು," ಎಂದಿತು ನಾಲ್ಕನೆಯದು, ಚೆಂಡಿನ ಒಳಗಿನಿಂದ.

ಆಟ ನೋಡುತ್ತಿದ್ದ ರಾಜ ಯೋಚಿಸಿದ. "ಯಾವುದಕ್ಕೂ ಸೇರದ ಫೌಲ್ ವಿರಾಮದಲ್ಲೇ ಇರಲಿ. ಹೆತ್ತವಳೂ ಅಲ್ಲೇ ಇದ್ದು ಅದನ್ನು ಸಾಕಲಿ."

"ಎಷ್ಟು ದಿನ, ಮಹಾಸ್ವಾಮಿ?"

"ವಿರಾಮದಲ್ಲಿ ದಿನಗಳಿರುವುದಿಲ್ಲ, ತಾಯಿ."

ಹೂವಕ್ಕನಿಗೆ ನಾಲ್ಕನೆಯ ಕ್ವಾರ್ಟರ್ ಆಡಬೇಕಿತ್ತು, ಆಮೇಲೆ ಮನೆಗೂ ಹೋಗಬೇಕಿತ್ತು. ವಿರಾಮದಿಂದ ಮನೆಗೆ ದಾರಿಯಿರಲಿಲ್ಲ. ಅವಳು ಚೆಂಡನ್ನು ನೋಡಿದಳು. ಅದು ದುಂಡಗಿತ್ತು.

"ಮಾವ, ಇದು ತುಂಬಿದ ಬಸುರಿ. ಸೀಮಂತ ಮಾಡಿದ್ದೀರಾ?"

"ಇಲ್ಲವಲ್ಲವ್ವ," ಎಂದು ಬಸಲಿಂಗಪ್ಪ ತಲೆ ತಗ್ಗಿಸಿದ.

ಕೂಡಲೇ ಚೆಂಡನ್ನು ಮಣೆಯ ಮೇಲೆ ಕೂರಿಸಿದರು. ಬಳೆ ತೊಡಿಸಲು ಕೈಯಿರಲಿಲ್ಲ, ಪಕ್ಕದಲ್ಲಿ ಇಟ್ಟರು. ತುಂಬಲು ಮಡಿಲಿರಲಿಲ್ಲ, ಒಂದು ಸೀರೆ ಹಾಸಿದರು. ಅಕ್ಕಿ ಹಾಕಿದರು, ಬೆಲ್ಲ ಹಾಕಿದರು, ಕೊಬ್ಬರಿ ಹಾಕಿದರು.

"ಇದೆಲ್ಲ ಯಾರಿಗೆ?" ಎಂದು ಹೂವಕ್ಕ ಚೆಂಡಿಗೆ ಬಾಯಿ ತಾಗಿಸಿ ಕೇಳಿದಳು.

"ನನಗೆ," ಎಂದಿತು ನಾಲ್ಕನೆಯ ಕ್ವಾರ್ಟರ್.

"ನೀನಿನ್ನೂ ಹುಟ್ಟಿಲ್ಲವಲ್ಲ."

"ಹುಟ್ಟದಿದ್ದರೇನು? ಮಡಿಲಿಗೆ ಬಿದ್ದದ್ದೆಲ್ಲ ನನ್ನದೇ."

ಹೂವಕ್ಕ ಫೌಲನ್ನು ಎತ್ತಿ ಮಡಿಲಿಗೆ ಹಾಕಿದಳು.

ಆಡಿದ ಮಾತಿನಂತೆ ಫೌಲ್ ನಾಲ್ಕನೆಯದಕ್ಕೇ ಸೇರಿತು. ರಾಜ ಒಪ್ಪಿದ. ತಪ್ಪಿನ ದಂಡವಾಗಿ ಮೇಲಿನ ಬೀದಿಯವರು ಮೊದಲು ಒಂದು ಫ್ರೀ ಥ್ರೋ ಎಸೆದರು, ಅದು ಬುಟ್ಟಿಗೆ ಬಿತ್ತು. ಆಮೇಲೆ ನಾಲ್ಕನೆಯ ಕ್ವಾರ್ಟರ್ ಹುಟ್ಟಿತು, ಫೌಲನ್ನು ಕಂಕುಳಲ್ಲಿ ಇಟ್ಟುಕೊಂಡೇ. ಹೂವಕ್ಕ ಕೊನೆಯವರೆಗೂ ಆಡಿದಳು. ಆ ಒಂದು ಅಂಕದಿಂದಲೇ ಕೆಳಗಿನ ಬೀದಿ ಸೋತಿತು.

"ನಿನ್ನ ನಾಲಿಗೆಯಿಂದ ಸೋತೆವಲ್ಲೇ," ಎಂದರು ಜೊತೆಯವರು.

"ಸೋತೆವು, ನಿಜ. ಆಟ ಮುಗಿಯಿತಲ್ಲ, ನಡೀರಿ ಮನೆಗೆ," ಎಂದಳು ಹೂವಕ್ಕ.

ಅವಳು ಮನೆ ಸೇರಿದಳು, ಫೌಲ್ ಕ್ವಾರ್ಟರ್ ಸೇರಿತು, ಕತೆ ನಿಮ್ಮ ಕಿವಿ ಸೇರಿತು.

ಎಮ್ಮೆಯ ಮಾತಿನಂತೆ ಇದನ್ನೂ ನಾನು ನಂಬಿರಲಿಲ್ಲ. ಈಚೆಗೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ನಿಯಮಪುಸ್ತಕವನ್ನು ತೆರೆದು ನೋಡಿದೆ. ವಿರಾಮದಲ್ಲಿ ಆದ ತಂಡದ ಫೌಲ್ ಮುಂದಿನ ಕ್ವಾರ್ಟರಿಗೇ ಸೇರುತ್ತದೆ. ಏಕೆಂದು ಅಲ್ಲಿ ಬರೆದಿಲ್ಲ.